ಕಾರ್ಕಳ ಸೀಮೆಯ ಮನೆಗಳಲ್ಲಿ ಸುಟ್ಟ ಮೀನು ಮತ್ತು ಮೀನಿನ ಪಚ್ಚಡಿ

ಕಾರ್ಕಳವು ಸಮುದ್ರವನ್ನು ಮುಟ್ಟಿದ ಸೀಮೆಯಲ್ಲ. ಪಶ್ಚಿಮ ಘಟ್ಟದ ಬುಡದಲ್ಲಿ, ಬತ್ತದ ಬೈಲುಗಳೂ ಅಡಕೆ ತೆಂಗುಗಳ ತೋಟಗಳೂ ಹಾಡಿಗುಡ್ಡಗಳೂ ಕೂಡಿರುವ ಈ ಪ್ರಾಂತಕ್ಕೆ ಮೀನೆಂಬುದು ಹೊರಗಿನಿಂದಲೇ ಬರತಕ್ಕ ವಸ್ತುವಾಗಿದೆ. ಮಲ್ಪೆಯ ಬಂದರಿನಿಂದ ಉಡುಪಿ ಹಿರಿಯಡಕಗಳ ದಾರಿಯಾಗಿಯೂ, ಕಾಪು ಪಡುಬಿದ್ರಿಗಳ ಕಡೆಯಿಂದ ಬೆಳ್ಮಣ್ಣು ನಿಟ್ಟೆಗಳ ದಾರಿಯಾಗಿಯೂ, ಮಂಗಳೂರಿನಿಂದ ಮೂಡುಬಿದಿರೆಯ ದಾರಿಯಾಗಿಯೂ ಅದು ಕಾರ್ಕಳದ ಪೇಟೆಗೆ ತಲಪುತ್ತದೆ. ಅಲ್ಲಿಂದ ಮುಂದಕ್ಕೆ ಅಜೆಕಾರು, ಬಜಗೋಳಿ, ಮಾಳ ಮೊದಲಾದ ಊರುಗಳಿಗೆ ಚಿಲ್ಲರೆ ವ್ಯಾಪಾರಿಗಳ ವಾಹನದ ಪೆಟ್ಟಿಗೆಗಳಲ್ಲಿ ಹೋಗುತ್ತದೆ. ದಾರಿಯ ದೂರವೇನೋ ಹೆಚ್ಚಿನದಲ್ಲ. ಮಲ್ಪೆಯಿಂದ ಕಾರ್ಕಳಕ್ಕೆ ಸುಮಾರು ೪೦ ಕಿಲೋಮೀಟರು ಮಾತ್ರ. ಆದರೆ ಮೀನಿನ ವಯಸ್ಸನ್ನು ದಾರಿಯ ದೂರದಿಂದ ಎಣಿಸಲಾಗದು. ಬಲೆಗೆ ಬಿದ್ದ ಘಳಿಗೆಯಿಂದ ದೋಣಿಯಲ್ಲಿ ಕಳೆದ ಕಾಲ, ದಕ್ಕೆಯಲ್ಲಿ ಏಲಮಾಗುವ ಕಾಲ, ಸಗಟು ವ್ಯಾಪಾರಿಯ ಕೈಯಲ್ಲಿದ್ದ ಕಾಲ, ಕಡೆಗೆ ಮನೆಯ ಜಗಲಿಯ ಮೇಲೆ ಇಟ್ಟ ಕಾಲ, ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕತಕ್ಕದ್ದು.

ಈ ವಿಷಯವು ಸುಡುವ ಪಾಕಕ್ಕೂ ಪಚ್ಚಡಿಗೂ ವಿಶೇಷವಾಗಿ ಸಂಬಂಧಿಸಿದೆ. ಹಳೆಯ ಮೀನನ್ನು ಹುಳಿ ಖಾರಗಳ ದಪ್ಪವಾದ ಮಸಾಲೆಯಲ್ಲಿ ಕುದಿಸಿದರೆ ಅಥವಾ ಬಹಳ ಎಣ್ಣೆಯಲ್ಲಿ ಗರಿಯಾಗಿ ಕಾಯಿಸಿದರೆ ಅದರ ದೋಷವು ಸ್ವಲ್ಪಮಟ್ಟಿಗೆ ಮರೆಯಾಗುವುದು; ಅಂದರೆ ನಾಲಗೆಗೆ ಮರೆಯಾಗುವುದೇ ಹೊರತು ದೇಹಕ್ಕೆ ಮರೆಯಾಗದು. ಕೆಂಡದ ಮೇಲೆ ಬರಿದೆ ಸುಟ್ಟ ಮೀನಿನಲ್ಲಿ ಯಾವ ಮರೆಯೂ ಇಲ್ಲ. ಆದುದರಿಂದ ಈ ಪಾಕಗಳು ಅತ್ಯಂತ ಸುಲಭವಾದವೂ, ಎಣ್ಣೆಯ ವೆಚ್ಚವಿಲ್ಲದವೂ, ತೋಟದಲ್ಲಿಯೇ ದೊರೆಯುವ ಸಾಮಗ್ರಿಗಳಿಂದ ಆಗತಕ್ಕವೂ ಆಗಿದ್ದರೂ, ಒಳ್ಳೆಯ ಮೀನು ಊರಿಗೆ ಬರುವ ಏರ್ಪಾಡಿಲ್ಲದಿದ್ದರೆ ಅವುಗಳನ್ನು ಬೋಧಿಸಿ ಫಲವಿಲ್ಲ. ಬಸದಿಗಳ ಊರಾದ ಕಾರ್ಕಳದಲ್ಲಿ ಮೀನನ್ನು ಮನೆಯೊಳಗೆ ತಾರದ ಕುಟುಂಬಗಳು ಅನೇಕವಿವೆ. ಅಡುಗೆಯ ಭಾಗವು ಅಂಥವರಿಗೆ ಬೇಕಾದುದಲ್ಲ. ಆದರೂ ಗ್ರಾಮದಲ್ಲಿ ಮುಂದಾಳುಗಳಾಗಿರುವವರು ಅಂಥ ಮನೆತನದವರಾಗಿದ್ದರೂ ಮಂಜುಗಡ್ಡೆ ಮತ್ತು ಸಂತೆಯ ಶುಚಿತ್ವದ ವಿಚಾರವನ್ನು ತಿಳಿದಿರುವುದು ಯುಕ್ತವಾಗಿದೆ.

ಬಂಗುಡೆಯನ್ನೋ ಬೂತಾಯಿಯನ್ನೋ ಉಂಡ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪೇರಿ, ಮೈಮೇಲೆ ದಡಿಕೆಗಳೆದ್ದು, ತಲೆ ಸಿಡಿದು, ಎದೆ ಹೊಡೆದುಕೊಳ್ಳುವುದನ್ನು ಹಳ್ಳಿಗಳಲ್ಲಿ ಕಂಡವರಿದ್ದಾರೆ. ಇದನ್ನು ‘ನಂಜು’ ಎಂದು ಕರೆದು, ಆ ಮೀನಿನ ಜಾತಿಗೆ ಇಲ್ಲವೆ ಉಂಡವನ ಪ್ರಕೃತಿಗೆ ದೋಷವನ್ನು ಹೊರಿಸುವುದು ವಾಡಿಕೆ. ಕೆಲವರ ಮೈಗೆ ಮೀನು ನಿಜವಾಗಿಯೂ ಒಗ್ಗದೆ ಇರುವುದುಂಟು. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತ ನಾಲ್ಕಾರು ಜನರಿಗೆ ಏಕಕಾಲದಲ್ಲಿ ಹೀಗಾದರೆ ಕಾರಣವು ಹೆಚ್ಚಾಗಿ ಬೇರೆಯೇ ಆಗಿರುತ್ತದೆ. ಬಂಗುಡೆ, ಬೂತಾಯಿ, ಕೇದರ್ ಎಂಬ ಟ್ಯೂನಾ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಪದಾರ್ಥವು ಸಹಜವಾಗಿಯೇ ಹೆಚ್ಚಾಗಿರುವುದು. ಸತ್ತ ಮೀನು ಬೆಚ್ಚಗಿದ್ದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಇದನ್ನು ಹಿಸ್ಟಮೀನ್ ಎಂಬ ವಿಷವಸ್ತುವಾಗಿ ಮಾರ್ಪಡಿಸುತ್ತವೆ. ಮುಖ್ಯವಾಗಿ ನೆನಪಿಡಬೇಕಾದುದೇನೆಂದರೆ, ಒಮ್ಮೆ ಉಂಟಾದ ಹಿಸ್ಟಮೀನ್ ಬೆಂಕಿಗೆ ನಾಶವಾಗುವುದಿಲ್ಲ. ಕುದಿಸಿದರೂ, ಸುಟ್ಟರೂ, ಹೊಗೆಯಲ್ಲಿಟ್ಟರೂ, ಉಪ್ಪು ಹಾಕಿ ಒಣಗಿಸಿದರೂ ಅದು ಹಾಗೆಯೇ ಉಳಿಯುವುದು. ಅಂಥ ಮೀನು ಕೆಲವು ವೇಳೆ ನೋಟಕ್ಕೂ ವಾಸನೆಗೂ ಕೆಟ್ಟದ್ದೆಂದು ತೋರುವುದೇ ಇಲ್ಲ. ನಾಲಗೆಯ ಮೇಲೆ ಕಾಳುಮೆಣಸಿನಂಥ ಚುರುಕು ಹತ್ತಿದರೆ ಕೂಡಲೇ ಉಣ್ಣುವುದನ್ನು ನಿಲ್ಲಿಸತಕ್ಕದ್ದು. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋಗ್ರಾಂ ಮೀನಿನಲ್ಲಿ ೨೦೦ ಮಿಲಿಗ್ರಾಂ ಹಿಸ್ಟಮೀನನ್ನು ಮೀರಲಾಗದು. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡುವುದು ಅಸಾಧ್ಯ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ನಾಲಗೆ ಗಂಟಲುಗಳು ಊದಿದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು.

ಹಾಗಾದರೆ ಉಪಾಯವೇನು? ಮಂಜುಗಡ್ಡೆಯೊಂದೇ. ನಮ್ಮ ಸೆಕೆಯ ಸೀಮೆಯಲ್ಲಿ ಮೀನು ಎಷ್ಟು ತೂಕವಿದೆಯೋ ಅಷ್ಟೇ ತೂಕದ ಮಂಜುಗಡ್ಡೆಯನ್ನು ಪುಡಿಮಾಡಿ, ಮೀನಿನ ಒಂದು ಪದರಕ್ಕೆ ಮಂಜಿನ ಒಂದು ಪದರದಂತೆ ಹಾಕುವುದು ಸರಿಯಾದ ಕ್ರಮವಾಗಿದೆ. ಮೇಲೆ ಒಂದು ಹಿಡಿ ಮಂಜನ್ನು ಚೆಲ್ಲಿ ಕೆಳಗಿನ ಮೀನನ್ನು ಕರಗಿದ ನೀರಿನಲ್ಲಿ ತೇಲಿಸುವ ಕ್ರಮವು ಮಂಜಿಲ್ಲದಿರುವುದಕ್ಕಿಂತ ಬಹಳ ಮೇಲೇನೂ ಅಲ್ಲ. ಪೆಟ್ಟಿಗೆಯ ತಳದಲ್ಲಿ ನೀರು ಹರಿದುಹೋಗಲು ರಂಧ್ರವಿರಬೇಕು. ಊರಿಗೆ ದಿನವೂ ಬರುವ ವ್ಯಾಪಾರಿಯನ್ನು ಗ್ರಾಮದ ಮುಖಂಡರು ಎರಡು ಮಾತು ಕೇಳಿದರೆ ಸಾಕು: ಮೀನು ಯಾವ ದಕ್ಕೆಯದು, ಪೆಟ್ಟಿಗೆಯಲ್ಲಿ ಮಂಜೆಷ್ಟು. ಕ್ರಯದಲ್ಲಿ ಚೌಕಾಶಿ ಮಾಡುವುದಕ್ಕೆ ಅರ್ಧ ಘಳಿಗೆ ನಿಲ್ಲುವವರು ಪೆಟ್ಟಿಗೆಯ ಒಳಗನ್ನು ಇಣಿಕಿ ನೋಡುವುದು ಅಪರೂಪ. ಪಂಚಾಯತಿಯ ವಶದಲ್ಲಿರುವ ಮಾರುಕಟ್ಟೆಗಳಲ್ಲಿ ನೆರಳು, ಶುದ್ಧವಾದ ನೀರು, ಸುಲಭವಾಗಿ ತೊಳೆಯಲಾಗುವ ಹಾಸುಗಲ್ಲು, ಇವು ಮೂರನ್ನು ಒದಗಿಸಿದಲ್ಲಿ ಮೀನು ಮಾರುವ ಹೆಂಗಸರಿಗೂ ಕೊಳ್ಳುವವರಿಗೂ ಸಮಾನವಾದ ಲಾಭವಿದೆ. ಮದುವೆಯ ನಂತರದ ಬೀಗರ ಔತಣ ಮೊದಲಾದ ದೊಡ್ಡ ಊಟಗಳ ದಿನ ಬೆಳಿಗ್ಗೆ ತಂದ ಮೀನನ್ನು ಚಪ್ಪರದ ಕೆಳಗೆ ಮಧ್ಯಾಹ್ನದವರೆಗೆ ಹರಡಿಡುವ ಪದ್ಧತಿಯನ್ನು ಮಾತ್ರ ಖಂಡಿತವಾಗಿ ನಿಲ್ಲಿಸಬೇಕು. ನೂರಾರು ಜನರಿಗೆ ಒಮ್ಮೆಲೇ ಆಗುವ ಕೇಡಿಗೆ ಅಲ್ಲಿಯೇ ಬೀಜವಿದೆ.

ಕೊಳ್ಳುವಾಗ ಕಣ್ಣು ಉಬ್ಬಿ ತಿಳಿಯಾಗಿರುವುದನ್ನೂ, ಕಿವಿರು ಕೆಂಪಾಗಿರುವುದನ್ನೂ, ಬೆರಳಿನಿಂದ ಒತ್ತಿದ ಗುಳಿಯು ಕೂಡಲೇ ತುಂಬಿಕೊಳ್ಳುವುದನ್ನೂ ನೋಡತಕ್ಕದ್ದು. ಬೂತಾಯಿಯ ಹೊಟ್ಟೆಯು ಒಡೆದಿದ್ದರೆ ಅದನ್ನು ಬಿಟ್ಟುಬಿಡುವುದು ಲೇಸು. ೨೦೧೮ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಸೇರಿಸಿದ ಮೀನು ಸಿಕ್ಕಿದ ಬಳಿಕ ಜನರಲ್ಲಿ ಈ ವಿಷಯದ ಭೀತಿಯು ಹರಡಿದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಫಾರ್ಮಲಿನ್ನನ್ನೂ ಅಮೋನಿಯವನ್ನೂ ಪತ್ತೆಮಾಡುವ ಕಾಗದದ ಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಸಾಮಾನ್ಯವಾಗಿ ಹೇಳುವುದಾದರೆ, ಹಳತಾಗಿಯೂ ಮೀನಿನ ವಾಸನೆಯೇ ಇಲ್ಲದ, ನೊಣವೂ ಕೂರದ ಮೀನನ್ನು ಸಂಶಯದಿಂದ ನೋಡಬೇಕು.

ಇನ್ನು ಪಾಕದ ವಿಚಾರ. ಸುಡುವುದಕ್ಕೆ ಮೊದಲು ಬೇಕಾದುದು ಒಳ್ಳೆಯ ಕೆಂಡ. ತೆಂಗಿನ ತೋಟವುಳ್ಳವರ ಮನೆಯಲ್ಲಿ ಗೆರಟೆಗೆ ಕೊರತೆಯಿಲ್ಲ. ಗೆರಟೆಯ ಕೆಂಡವು ಸೌದೆಯ ಕೆಂಡಕ್ಕಿಂತ ತೀಕ್ಷ್ಣವಾದುದು, ಹೊಗೆಯೂ ಕಡಮೆ. ಆದರೆ ಗೆರಟೆಯು ಉರಿಯುತ್ತಿರುವಾಗ ಮೀನನ್ನಿಡುವವರೇ ಹೆಚ್ಚು. ಇದರಿಂದ ಹೊರಗೆ ಕರಿಯೂ ಒಳಗೆ ಹಸಿಯೂ ಆಗುವುದು. ಜ್ವಾಲೆಯು ಪೂರ್ತಿಯಾಗಿ ಅಡಗಿ, ಕೆಂಡಗಳ ಮೇಲೆ ಬಿಳಿಯ ಬೂದಿಯು ತೆಳುವಾಗಿ ಮುಚ್ಚಿದ ಮೇಲೆಯೇ ಸುಡಲು ಆರಂಭಿಸಬೇಕು. ಕೆಂಡಕ್ಕೂ ಕಬ್ಬಿಣದ ಜಾಲರಿಗೂ ನಡುವೆ ಏಳೆಂಟು ಬೆರಳಿನಷ್ಟು ಅಂತರವಿರಲಿ. ಜಾಲರಿಯಿಲ್ಲದ ಮನೆಗಳಲ್ಲಿ ರೊಟ್ಟಿ ಸುಡುವ ಮಣ್ಣಿನ ಓಡನ್ನಾಗಲಿ ಕಬ್ಬಿಣದ ಕಾವಲಿಯನ್ನಾಗಲಿ ಚೆನ್ನಾಗಿ ಕಾಯಿಸಿ, ಅದರ ಮೇಲೆ ಬಾಳೆಯ ಎಲೆಯನ್ನು ಹಾಸಿ ಮೀನನ್ನಿಟ್ಟರೆ ಒಂದು ಹನಿ ಎಣ್ಣೆಯೂ ಇಲ್ಲದೆ ಬೇಯುವುದು. ಅನಿಲದ ಒಲೆಯೊಂದೇ ಇರುವ ಪೇಟೆಯ ಮನೆಗಳಿಗೆ ಈ ಕ್ರಮವೇ ಅನುಕೂಲವಾದುದು.

ಮಧ್ಯಮ ಗಾತ್ರದ ಆರು ಬಂಗುಡೆಗಳಿಗೆ ಬ್ಯಾಡಗಿ ಮೆಣಸು ಎಂಟು, ಕಾಳುಮೆಣಸು ಒಂದು ಚಮಚ, ಜೀರಿಗೆ ಅರ್ಧ ಚಮಚ, ಅರಿಸಿನ ಅರ್ಧ ಚಮಚ, ಬೆಳ್ಳುಳ್ಳಿ ಆರು ಎಸಳು, ಶುಂಠಿ ಅರ್ಧ ಅಂಗುಲ, ಹುಣಸೆಹಣ್ಣು ಗೋಲಿಯ ಗಾತ್ರ, ಉಪ್ಪು ಒಂದು ಚಮಚ, ಇವನ್ನು ಸಾಧ್ಯವಾದಷ್ಟು ಕಡಮೆ ನೀರಿನಲ್ಲಿ ನುಣ್ಣಗೆ ಅರೆಯತಕ್ಕದ್ದು. ಹುಣಸೆಯ ಬದಲು ಬಿಂಬುಳಿಯ ಕಾಲದಲ್ಲಿ ನಾಲ್ಕೈದು ಬಿಂಬುಳಿಗಳನ್ನು ಹಾಕಿದರೆ ರುಚಿಯು ಇನ್ನೂ ತಿಳಿಯಾಗಿರುವುದು. ಮೀನಿನ ಕರುಳು ಕಿವಿರುಗಳನ್ನು ಪೂರ್ತಿಯಾಗಿ ತೆಗೆದು, ಬೆನ್ನೆಲುಬಿನ ಉದ್ದಕ್ಕೂ ಅಂಟಿಕೊಂಡಿರುವ ಕಪ್ಪು ರಕ್ತವನ್ನು ಬೆರಳಿನಿಂದ ತಿಕ್ಕಿ ತೊಳೆದು, ಎರಡು ಬದಿಗಳಲ್ಲಿಯೂ ಎಲುಬು ಮುಟ್ಟುವಂತೆ ಮೂರು ಮೂರು ಗೀರುಗಳನ್ನು ಹಾಕಬೇಕು. ಮಸಾಲೆಯನ್ನು ಗೀರುಗಳೊಳಕ್ಕೂ ಹೊಟ್ಟೆಯೊಳಕ್ಕೂ ತುಂಬಿ ಇಪ್ಪತ್ತು ನಿಮಿಷ ತಂಪಾದ ಸ್ಥಳದಲ್ಲಿಟ್ಟರೆ ಸಾಕು. ರಾತ್ರಿಯೇ ಮಸಾಲೆ ಹಚ್ಚಿ ಒಲೆಯ ಕಟ್ಟೆಯ ಮೇಲಿಡುವುದು ಮೇಲೆ ಹೇಳಿದ ಕಾರಣದಿಂದ ಅಪಾಯಕರವಾಗಿದೆ; ಖಾರ ಉಪ್ಪುಗಳು ಮಂಜಿನ ಕೆಲಸವನ್ನು ಮಾಡಲಾರವು.

ಬಾಳೆಯ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಒಂದೊಂದು ಮೀನನ್ನೂ ಬೇರೆಬೇರೆಯಾಗಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ ಜಾಲರಿಯ ಮೇಲಿಡಬೇಕು. ಮಳೆಗಾಲದಲ್ಲಿ ಒಳಗಡೆ ಒಂದು ಅರಿಸಿನದ ಎಲೆಯನ್ನು ಹಾಕುವ ರೂಢಿಯು ಬಹಳ ಮೆಚ್ಚತಕ್ಕದ್ದು. ಒಂದೊಂದು ಬದಿಗೆ ಎಂಟರಿಂದ ಹತ್ತು ನಿಮಿಷ; ಎಲೆಯು ಕಪ್ಪಾಗಿ ಅಂಚು ಸುಟ್ಟಿರುವುದು. ಬೆಂದುದರ ಗುರುತನ್ನು ಎಲೆಯಿಂದ ತಿಳಿಯಬಾರದು. ಅತ್ಯಂತ ದಪ್ಪವಾದ ಭಾಗದಲ್ಲಿ ಬೆನ್ನೆಲುಬಿನ ಬಳಿ ಬಿಡಿಸಿ ನೋಡಿದರೆ ಮಾಂಸವು ಗಾಜಿನಂತಿರದೆ ಬೆಳ್ಳಗಾಗಿ, ಪದರ ಪದರವಾಗಿ ಎಲುಬನ್ನು ಬಿಟ್ಟುಬರಬೇಕು. ಉಷ್ಣಮಾಪಕವಿದ್ದವರಿಗೆ ೬೩ ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿಯು ಸಾಕಾಗುವುದು. ಕರಿಯಾಗಿ ಸುಟ್ಟ ಚರ್ಮವನ್ನು ಉಣ್ಣದೆ ಬಿಡುವುದು ಆರೋಗ್ಯಕ್ಕೆ ಹಿತ. ಎಲೆಯಲ್ಲಿ ಸುತ್ತುವುದರಿಂದ ಈ ಕರಿಯೂ ಬಹುಮಟ್ಟಿಗೆ ತಪ್ಪುವುದು.

ಬೂತಾಯಿಗೆ ಎಲೆಯೂ ಬೇಡ, ಮಸಾಲೆಯೂ ಅಷ್ಟಾಗಿ ಬೇಡ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಅದರ ಮೈಯಲ್ಲಿ ಕೊಬ್ಬು ತುಂಬಿರುವುದರಿಂದ ಉಪ್ಪು, ಅರಿಸಿನ, ಜಜ್ಜಿದ ಕಾಳುಮೆಣಸುಗಳನ್ನು ಸವರಿ ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷ ಸುಟ್ಟರೆ ತನ್ನ ಎಣ್ಣೆಯಲ್ಲಿಯೇ ಬೇಯುವುದು. ಎಣ್ಣೆಯು ಕೆಂಡದ ಮೇಲೆ ತೊಟ್ಟಿಕ್ಕಿ ಉರಿಯೆದ್ದರೆ ಜಾಲರಿಯನ್ನು ಪಕ್ಕಕ್ಕೆ ಸರಿಸಬೇಕೇ ಹೊರತು ನೀರು ಎರಚಬಾರದು; ಬೂದಿಯೆಲ್ಲ ಮೀನಿಗೆ ಹತ್ತುವುದು. ಅಂಜಲ್, ಮಾಂಜಿಗಳು ಸುಡುವುದಕ್ಕೆ ಉತ್ತಮವಾದರೂ ಕ್ರಯವು ಹೆಚ್ಚು. ಕಾಣೆಯ ಮಾಂಸವು ಬಹು ಮೃದುವಾದುದರಿಂದ ಎಲೆಯಿಲ್ಲದೆ ಜಾಲರಿಯ ಮೇಲೆ ನಿಲ್ಲದು. ಭೂಮಾಲೀಕರು ಕೆಲವರು ತೋಟದ ಕೆರೆ ಮದಗಗಳಲ್ಲಿ ಕಾಟ್ಲ, ರೋಹು ಮೀನುಗಳನ್ನು ಸಾಕುತ್ತಿದ್ದಾರೆ. ಈ ಜಾತಿಗಳಲ್ಲಿ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳಿರುವ ಕಾರಣ, ಇಡಿಯಾಗಿ ಸುಡುವುದಕ್ಕಿಂತ ಅಡ್ಡಲಾಗಿ ತೆಳ್ಳಗೆ ಹೋಳುಮಾಡಿ ಸುಡುವುದು ಮೇಲು; ಮಕ್ಕಳಿಗೆ ಮುಳ್ಳು ಬಿಡಿಸಿಯೇ ಕೊಡಬೇಕು. ಕೆರೆಯ ಮೀನಿಗೆ ಒಂದು ಹೆಚ್ಚುಗಾರಿಕೆಯುಂಟು: ಹಿಡಿದ ಘಳಿಗೆಯು ಮನೆಯವರಿಗೇ ಗೊತ್ತಿರುತ್ತದೆ.

ಹಸಿ ತರಕಾರಿಗಳೊಡನೆ ಮೀನನ್ನು ಕಲಸಿ ಉಣ್ಣುವುದನ್ನು ಅನ್ಯದೇಶಗಳಲ್ಲಿ ಸಾಲಡ್ ಎನ್ನುತ್ತಾರೆ. ಕೋಸಂಬರಿ ಪಚ್ಚಡಿಗಳನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ. ಆದರೆ ಒಂದು ಎಚ್ಚರಿಕೆಯನ್ನು ಮೊದಲು ಹೇಳಬೇಕಾಗಿದೆ. ಪೆರು ದೇಶದವರು ಹಸಿಯ ಮೀನಿಗೆ ನಿಂಬೆಯ ರಸ ಹಿಂಡಿ ಸೆವಿಚೆ ಎಂಬ ವ್ಯಂಜನವನ್ನು ಮಾಡುತ್ತಾರೆ; ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ತನ್ನ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಇಂಥವುಗಳ ವರ್ತಮಾನವನ್ನು ಓದಿ ಮನೆಗಳಲ್ಲಿ ಅನುಕರಿಸುವವರಿದ್ದಾರೆ. ನಿಂಬೆಯ ಹುಳಿಗೆ ಮೀನು ಬೆಳ್ಳಗಾಗಿ ಬೆಂದಂತೆ ಕಾಣುವುದು ನಿಜ. ಆದರೆ ಅದು ಬೆಂದುದಲ್ಲ. ಅದರೊಳಗಿನ ಹುಳುಗಳೂ ಸೂಕ್ಷ್ಮಜೀವಿಗಳೂ ಸಾಯುವುದಿಲ್ಲ. ಹಸಿಯಾಗಿ ಉಣ್ಣುವ ಮೀನನ್ನು ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿನ ಶೀತದಲ್ಲಿ ಏಳು ದಿನ ಇಟ್ಟು ಹುಳುಗಳನ್ನು ಕೊಲ್ಲುವ ಕ್ರಮವಿದೆ. ಮನೆಯ ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಅಷ್ಟು ಶೀತವಿರುವುದೆಂಬ ಭರವಸೆಯಿಲ್ಲ. ಕೆರೆ ಹೊಳೆಗಳ ಮೀನನ್ನು ಹಸಿಯಾಗಿ ಮುಟ್ಟಲೇಬಾರದು. ಕಾರ್ಕಳದಂಥ ಒಳನಾಡಿಗೆ ಬೆಂದ ಮೀನಿನ ಪಚ್ಚಡಿಯೂ ಒಣಮೀನಿನ ಪಚ್ಚಡಿಯೂ ಯೋಗ್ಯವಾದವು.

ಮೇಲೆ ಹೇಳಿದಂತೆ ಸುಟ್ಟ ಎರಡು ಬಂಗುಡೆಗಳ ಮುಳ್ಳನ್ನು ಜಾಗ್ರತೆಯಾಗಿ ಬಿಡಿಸಿ ಮಾಂಸವನ್ನು ಹಿಸಿಯತಕ್ಕದ್ದು. ಸಣ್ಣದಾಗಿ ಹೆಚ್ಚಿದ ಈರುಳ್ಳಿ ಒಂದು, ಎಳೆಯ ಮುಳ್ಳುಸೌತೆ ಒಂದು, ಹಸಿಮೆಣಸು ಎರಡು, ತುರಿದ ಕಾಯಿ ಒಂದು ಹಿಡಿ, ಕೊತ್ತಂಬರಿ ಸೊಪ್ಪು ಸ್ವಲ್ಪ, ಅರ್ಧ ನಿಂಬೆಯ ರಸ, ಇವುಗಳೊಡನೆ ಹಗುರವಾಗಿ ಕಲಸಿದರೆ ನಾಲ್ವರಿಗೆ ಆಗುವುದು. ಉಪ್ಪನ್ನು ಎಲೆಗೆ ಬಡಿಸುವ ಮುನ್ನವೇ ಹಾಕಬೇಕು. ಮೊದಲೇ ಹಾಕಿದರೆ ಸೌತೆಯು ನೀರು ಬಿಟ್ಟು ಪಚ್ಚಡಿಯು ಸಾರಾಗುವುದು. ಮಾವಿನಮಿಡಿಯ ಕಾಲದಲ್ಲಿ ಕಾಟುಮಾವಿನ ಕಾಯಿಯನ್ನು ತುರಿದು ಹಾಕಿದರೆ ನಿಂಬೆಯು ಬೇಡ. ಕಲಸಿದ ಪಚ್ಚಡಿಯನ್ನು ಎರಡು ಗಂಟೆಗಳೊಳಗೆ ಉಂಡು ಮುಗಿಸಬೇಕು. ಉಳಿದುದನ್ನು ರಾತ್ರಿಗೆ ಇಡತಕ್ಕದ್ದಲ್ಲ.

ಒಣ ಸಿಗಡಿಯ ಪಚ್ಚಡಿಯು ಈ ಸೀಮೆಯ ಹಳೆಯ ವ್ಯಂಜನ. ಕೊಂಕಣಿಯವರು ಇದನ್ನು ಕಿಸ್ಮೂರ್ ಎನ್ನುತ್ತಾರೆ. ಮೀನಿಲ್ಲದೆ ಹಾಗಲಕಾಯಿಯಿಂದಲೂ ಕಿಸ್ಮುರಿಯನ್ನು ಮಾಡುವುದುಂಟು. ಐವತ್ತು ಗ್ರಾಂ ಒಣ ಸಿಗಡಿಯ ತಲೆ ಕಾಲುಗಳನ್ನು ಮುರಿದು, ಗೆರಸೆಯಲ್ಲಿ ಕೇರಿ ಮರಳನ್ನು ತೆಗೆದು, ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿಯಬೇಕು. ಆರಿದ ಮೇಲೆ ಕೈಯಿಂದ ಒರಟಾಗಿ ಪುಡಿಮಾಡಿ, ಅರ್ಧ ತೆಂಗಿನಕಾಯಿಯ ತುರಿ, ಹೆಚ್ಚಿದ ಈರುಳ್ಳಿ ಎರಡು, ಕೆಂಡದಲ್ಲಿ ಸುಟ್ಟ ಒಣಮೆಣಸು ನಾಲ್ಕು, ಹುಣಸೆಯ ದಪ್ಪ ರಸ ಒಂದು ಚಮಚ, ತೆಂಗಿನೆಣ್ಣೆ ಒಂದು ಚಮಚ, ಇವುಗಳನ್ನು ಸೇರಿಸಿ ಹಿಸುಕಿ ಕಲಸತಕ್ಕದ್ದು. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಬೇಕು. ಕಜೆ ಅಕ್ಕಿಯ ಗಂಜಿಗೆ ಇದಕ್ಕಿಂತ ಒಪ್ಪುವ ವ್ಯಂಜನವು ದುರ್ಲಭ. ನಾಟಿ ಕಟಾವುಗಳ ದಿನ ಕೆಲಸದವರಿಗೆ ಊಟ ಕೊಡುವ ಮನೆಗಳಲ್ಲಿ ಬರಿಯ ಉಪ್ಪಿನಕಾಯಿಗೆ ಬದಲಾಗಿ ಇದನ್ನು ಬಡಿಸಿದರೆ ಮೈಗೆ ಬಲ ಕೊಡುವ ಪ್ರೋಟೀನು ಅಲ್ಪವ್ಯಯದಲ್ಲಿ ದೊರೆಯುವುದು. ಕಾಪುವಿನ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅಂಥ ಒಂದು ಗುಳ್ಳವನ್ನು ಅದೇ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹಿಚುಕಿ ಈ ಪಚ್ಚಡಿಗೆ ಸೇರಿಸಿದರೆ ಕಾಯಿಯ ತುರಿಯನ್ನು ಅರ್ಧಕ್ಕೆ ಇಳಿಸಬಹುದು.

ಒಣಮೀನಿನ ನಿಜವಾದ ಪ್ರಯೋಜನವು ಮಳೆಗಾಲದಲ್ಲಿ ಕಾಣುವುದು. ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯು ನಿಷಿದ್ಧವಾಗಿದೆ. ಪೂರ್ವ ಕರಾವಳಿಯ ನಿಷೇಧವು ಏಪ್ರಿಲ್ ೧೫ರಿಂದ ಜೂನ್ ೧೪ರವರೆಗಿರುವುದರಿಂದ, ಜೂನ್ ತಿಂಗಳ ನಡುವಿನಿಂದ ನಾಡದೋಣಿಯ ಅಲ್ಪ ಮೀನಲ್ಲದೆ ಪೇಟೆಗೆ ಬರುವುದು ಬಹುಪಾಲು ಆ ಕಡೆಯ ಮೀನು. ಅದು ನೂರಾರು ಕಿಲೋಮೀಟರು ದಾಟಿ ಬಂದುದಾಗಿರುತ್ತದೆ. ಸುಡುವುದಕ್ಕೂ ಪಚ್ಚಡಿಗೂ ಅಂಥ ಮೀನನ್ನು ನಂಬುವುದಕ್ಕಿಂತ ಮೇ ತಿಂಗಳ ಬಿಸಿಲಿನಲ್ಲಿ ಒಣಗಿದ ಮೀನನ್ನು ಮೊದಲೇ ಕೊಂಡಿಡುವುದು ವಿವೇಕ. ಕೊಳ್ಳುವಾಗ ಮರಳಿನ ಮೇಲೆ ಒಣಗಿಸಿದುದನ್ನು ಬಿಟ್ಟು ಬಿದಿರಿನ ಅಟ್ಟಣಿಗೆಯ ಅಥವಾ ಚಾಪೆಯ ಮೇಲೆ ಒಣಗಿಸಿದುದನ್ನು ಆರಿಸಬೇಕು. ಮೇಲ್ಭಾಗದಲ್ಲಿ ನಸುಗೆಂಪು ಲೋಳೆಯಾಗಲಿ ಬೂಷ್ಟಾಗಲಿ ಕಂಡರೆ ಎಷ್ಟು ಅಗ್ಗವಾದರೂ ಬೇಡ. ಮನೆಗೆ ತಂದು ಮತ್ತೊಂದು ಬಿಸಿಲು ಕಾಣಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ತೇವ ತಗಲದಂತೆ ಇಡತಕ್ಕದ್ದು. ಉಪ್ಪು ಹಾಕಿ ಒಣಗಿಸಿದ ದೊಡ್ಡ ಮೀನುಗಳನ್ನು ಸುಡುವ ಮೊದಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಬೇಕು. ರಕ್ತದೊತ್ತಡವುಳ್ಳವರಿಗೆ ಹೀಗೆ ನೆನೆಸಿದರೂ ಉಪ್ಪುಮೀನು ಹಿತವಲ್ಲ. ಉಪ್ಪಿಲ್ಲದೆ ಒಣಗಿಸಿದ ಸಿಗಡಿಯನ್ನು ಮಿತವಾಗಿ ಉಪಯೋಗಿಸಬಹುದು.

ಕಡೆಯದಾಗಿ ಕಸದ ವಿಚಾರ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೦೭ರಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ನರ ಮೇಲ್ವಿಚಾರಣೆಯಲ್ಲಿ ಏರ್ಪಟ್ಟ ಅಲ್ಲಿಯ ಮೀನುಗಾರಿಕೆ ಇಲಾಖೆಯು ಬೂತಾಯಿಯಿಂದ ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಗೊಬ್ಬರವಾಗಿ ಒಣಗಿಸುವ ಕ್ರಮವನ್ನು ಪಡುವಣ ಕರಾವಳಿಯಲ್ಲಿ ಪ್ರಚಾರಕ್ಕೆ ತಂದಿತು. ಅದಕ್ಕೂ ಮುಂಚಿನಿಂದ ತೆಂಗಿನ ಬುಡಕ್ಕೆ ಬೂತಾಯಿಯನ್ನೇ ಹಾಕುವ ರೂಢಿಯಿತ್ತು. ಇಂದು ಇಡಿಯ ಮೀನನ್ನು ಹಾಗೆ ಹೂಳುವುದು ದುಂದುವೆಚ್ಚವಾದರೂ ಅಡುಗೆಮನೆಯ ತಲೆ, ಕರುಳು, ಮುಳ್ಳುಗಳಲ್ಲಿ ಸಾರಜನಕವೂ ರಂಜಕವೂ ಇವೆ. ಅವನ್ನು ಬೇಲಿಯಾಚೆಗೆ ಎಸೆದರೆ ನಾಯಿ ನೊಣಗಳಿಗೆ ಆಹಾರ. ತೆಂಗಿನ ಬುಡದಿಂದ ನಾಲ್ಕೈದು ಅಡಿ ದೂರದಲ್ಲಿ ಒಂದೂವರೆ ಅಡಿ ಆಳದ ಗುಳಿ ತೆಗೆದು, ಕಸವನ್ನು ಹಾಕಿ, ಮೇಲೆ ಒಲೆಯ ತಣ್ಣನೆಯ ಬೂದಿಯನ್ನೂ ತರಗೆಲೆಯನ್ನೂ ಹರಡಿ, ಒಂದು ಅಡಿ ಮಣ್ಣು ಮುಚ್ಚಿ ಕಲ್ಲು ಹೇರಿದರೆ ನಾಯಿಗಳು ಕೆದರುವುದಿಲ್ಲ. ಪ್ರತಿ ಸಲವೂ ಗುಳಿಯನ್ನು ಮರದ ಸುತ್ತ ಮುಂದಕ್ಕೆ ಸರಿಸುತ್ತ ಹೋಗತಕ್ಕದ್ದು. ಬಾವಿಯ ಸಮೀಪದಲ್ಲಿರುವ ಮರಗಳಿಗೆ ಮಾತ್ರ ಇದನ್ನು ಹಾಕಬಾರದು.